ದಣಿವು ದೋಷವೇ?

ದುಡಿಯುವವನಿಗೆ ದಣಿವಾಗುವುದು ಹೊಸ ಸಂಗತಿಯೇನಲ್ಲ. ಮಗಳ ಮದುವೆ ಮಾಡಿ ಮುಗಿಸಿದಾಗ, ಮನೆ ಬದಲಾಯಿಸಿದಾಗ, ಸಂಘದ ರಾಜ್ಯೋತ್ಸವಕ್ಕೆ ಮೂರು ದಿನ ಓಡಾಡಿದಾಗ ನಮ್ಮೆಲ್ಲರಿಗೂ ಮೈ ಕೈ ಸೋತಿರುತ್ತದೆ. ಹೊಟ್ಟೆ ತುಂಬ ಉಂಡು ಒಂದು ರಾತ್ರಿ ಚೆನ್ನಾಗಿ ನಿದ್ರೆ ಮಾಡಿದರೆ ಆ ದಣಿವು ಇಳಿದುಹೋಗುತ್ತದೆ; ಅದರಲ್ಲಿ ಒಂದು ಬಗೆಯ ಸಂತೋಷವೂ ಇರುತ್ತದೆ. ಆದರೆ ಶನಿವಾರ, ಭಾನುವಾರಗಳನ್ನೆಲ್ಲ ಮಲಗಿಯೇ ಕಳೆದರೂ ಸೋಮವಾರ ಬೆಳಿಗ್ಗೆ ಊಟದ ಡಬ್ಬಿ ಕೈಗೆತ್ತಿಕೊಳ್ಳುವಾಗ ಮತ್ತೆ ಎದೆಯ ಮೇಲೆ ಬಂದು ಕೂರುವ ಇನ್ನೊಂದು ದಣಿವಿದೆ. ದಿಲ್ಲಿಯ ಕಚೇರಿಗಳಲ್ಲಿ ಇಪ್ಪತ್ತು ವರ್ಷ ಕಳೆದ ನಮ್ಮಂಥ ಗುಮಾಸ್ತರಿಗೆ ಅದರ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. "ಹೇಗಿದ್ದೀರಿ?" ಎಂದರೆ "ಏನೋ, ನಡೀತಾ ಇದೆ" ಎಂದು ನಾವು ಹೇಳುವ ಉತ್ತರದಲ್ಲಿ ಅದು ಅಡಗಿದೆ.

ಇಂಥ ದಣಿವಿಗೆ ಸಿಕ್ಕಿದವನನ್ನು ನಾವು ಹೇಗೆ ಕಾಣಬೇಕು? ಹಿರಿಯರನೇಕರು ಅದನ್ನು ಸೋಮಾರಿತನವೆನ್ನುತ್ತಾರೆ. ಕಿರಿಯರು ಅದೊಂದು ಕಾಯಿಲೆ ಎನ್ನುತ್ತಾರೆ. ಮೊದಲಿನವರ ಮಾತಿನಂತೆ ಎಲ್ಲ ತಪ್ಪೂ ಅವನದೇ. ಎರಡನೆಯವರ ಮಾತಿನಂತೆ ಅವನ ಹೊಣೆ ಏನೂ ಇಲ್ಲ. ಈ ಎರಡು ಮಾತುಗಳ ನಡುವೆ ವಿಚಾರಿಸಬೇಕಾದದ್ದು ಬಹಳವಿದೆಯೆಂದು ನಮಗೆ ತೋರುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ಉರಿದು ಮುಗಿಯುವುದು ಎಂದು ಅರ್ಥ. ನ್ಯೂಯಾರ್ಕಿನಲ್ಲಿ ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಈ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅವರ ಕಣ್ಣಿಗೆ ಬಿದ್ದ ಸಂಗತಿ ಗಮನಾರ್ಹವಾದುದು: ಹೀಗೆ ಸೋತು ಕುಸಿಯುತ್ತಿದ್ದವರು ಕೆಲಸಗಳ್ಳರಾಗಿರಲಿಲ್ಲ, ಮನಸ್ಸಿಟ್ಟು ದುಡಿಯುವವರೇ ಆಗಿದ್ದರು. ಉರಿಯದ ಬತ್ತಿ ಕರಗುವುದಾದರೂ ಹೇಗೆ? ಮುಂದೆ 1981ರಲ್ಲಿ ಕ್ರಿಸ್ಟಿನಾ ಮಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಎಂಬಿಬ್ಬರು ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿಯೂ ಇದರ ಹೆಸರಿದೆ. ಆದರೆ ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು. ಅಲ್ಲಿ ಹೇಳಿರುವ ಲಕ್ಷಣಗಳು ಮೂರು: ಶಕ್ತಿ ಬತ್ತಿಹೋಗುವುದು; ಕೆಲಸದಿಂದ ಮನಸ್ಸು ದೂರ ಸರಿದು ತಾತ್ಸಾರ ಹುಟ್ಟುವುದು; ಮಾಡಿದ ಕೆಲಸದಲ್ಲಿ ಸತ್ವವಿಲ್ಲವೆನಿಸುವುದು.

ಈ ಮೂರರಲ್ಲಿ ಮೊದಲನೆಯದು ಮತ್ತು ಮೂರನೆಯದು ಅನುಭವಿಸುವವನ ಕಷ್ಟ. ಎರಡನೆಯದು ಹಾಗಲ್ಲ. ತಾತ್ಸಾರಕ್ಕೆ ಎದುರಿಗೊಬ್ಬರು ಬೇಕು. ನಮ್ಮ ದಣಿವು ಮೇಜಿನ ಆಚೆ ನಿಂತವರ ಪಾಲಿಗೆ ಅನ್ಯಾಯವಾಗುವುದು ಇಲ್ಲಿಯೇ. ಧರ್ಮಾಧರ್ಮದ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ.

ನಮ್ಮ ಸೆಕ್ಷನ್ನಿನ ಹಿರಿಯ ಗೆಳೆಯರೊಬ್ಬರ ಸಂಗತಿಯನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತೇವೆ. ಪಿಂಚಣಿಯ ಕೆಲಸದಲ್ಲಿ ಅವರದು ಪಳಗಿದ ಕೈ. ಕನ್ನಡಕ ಮರೆತು ಬಂದ ಮುದುಕರಿಗೆ ಅರ್ಜಿಗಳನ್ನು ತಾವೇ ತುಂಬಿಕೊಡುತ್ತಿದ್ದರು. ಇಬ್ಬರು ಸಹೋದ್ಯೋಗಿಗಳು ನಿವೃತ್ತರಾದರು; ಅವರ ಜಾಗಕ್ಕೆ ಯಾರೂ ಬರಲಿಲ್ಲ; ಮೂರು ಸೀಟುಗಳ ಕೆಲಸ ಒಬ್ಬರ ಮೇಲೆ ಬಿತ್ತು. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಕುಟುಂಬ ಪಿಂಚಣಿಗಾಗಿ ಅಲೆಯುತ್ತಿದ್ದ ವಿಧವೆಯೊಬ್ಬರು ಬಂದು ನಿಂತರು. ನಮ್ಮ ಗೆಳೆಯರು ತಲೆ ಎತ್ತದೆ "ಬರೆದು ಕೊಟ್ಟು ಹೋಗಿ" ಎಂದರು. ಆಕೆ "ಮೂರು ಸಲ ಬರೆದು ಕೊಟ್ಟಿದ್ದೇನೆ ಸ್ವಾಮಿ" ಎಂದು ಮೆಲ್ಲನೆ ಹೇಳಿ ಹೋದರು. ಅಂದು ಚಹದ ಹೊತ್ತಿಗೆ ಗೆಳೆಯರು ನಮ್ಮೊಡನೆ ಹೇಳಿದ ಮಾತು ಇದು: "ನೋಡ್ರೀ, ಆಕೆ ಬಂದು ನಿಂತಾಗ ನನಗೆ ಆಕೆಯ ಮುಖ ಕಾಣಲೇ ಇಲ್ಲ. ಆಕೆಯ ಫೈಲು ಎಷ್ಟು ದಪ್ಪ ಇದೆ ಅನ್ನೋದಷ್ಟೇ ಕಣ್ಣಿಗೆ ಬಂತು."

ಈ ಮಾತನ್ನು ಕೇಳಿದ ಮೇಲೆ ಸೋಮಾರಿತನವೆಂಬ ಆಪಾದನೆ ನಿಲ್ಲುವುದಿಲ್ಲ. ಸೋಮಾರಿಗೆ ಇಷ್ಟು ಸಂಕಟವಾಗುವುದಿಲ್ಲ. ಹಾಗೆಂದು "ಪಾಪ, ದಣಿದಿದ್ದಾರೆ" ಎಂದು ಕೈ ತೊಳೆದುಕೊಂಡರೆ ಆ ತಾಯಿಯ ನಾಲ್ಕನೆಯ ಅರ್ಜಿಗೆ ಉತ್ತರ ಕೊಡುವವರು ಯಾರು?

ಇಂಥ ಹೊತ್ತಿನಲ್ಲಿ ನಮಗೆ ಉಪದೇಶಕ್ಕೇನೂ ಕೊರತೆಯಿಲ್ಲ. ಫಲದ ಆಸೆ ಬಿಟ್ಟು ಕರ್ಮ ಮಾಡೆಂದು ಗೀತೆಯ ಎರಡನೆಯ ಅಧ್ಯಾಯವನ್ನು ತೋರಿಸುವವರಿದ್ದಾರೆ. ಅದೇ ಗೀತೆಯ ಆರನೆಯ ಅಧ್ಯಾಯದಲ್ಲಿ ಊಟ, ವಿಹಾರ, ಕೆಲಸ, ನಿದ್ರೆ, ಎಚ್ಚರ ಎಲ್ಲದರಲ್ಲಿಯೂ ಮಿತವಿದ್ದವನಿಗೇ ಯೋಗವು ದುಃಖವನ್ನು ಕಳೆಯುತ್ತದೆಂದು ಹೇಳಿರುವುದು ಅವರ ನೆನಪಿಗೆ ಬರುವುದಿಲ್ಲ. ಕಾಯಕವನ್ನೇ ಕೈಲಾಸವೆಂದ ಶರಣರ ಹೆಸರನ್ನೂ ನಮ್ಮ ಮುಂದೆ ಹಿಡಿಯುತ್ತಾರೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮೆಚ್ಚಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಕಥೆಯನ್ನು ನಾವು ದುರಾಸೆಯ ವಿರುದ್ಧ ಹೇಳಿದ್ದೆಂದು ಮಾತ್ರ ಓದುತ್ತೇವೆ. ಕಾಯಕಕ್ಕೂ ಒಂದು ಅಳತೆಯಿದೆ, ದಿನದ ಕಾಯಕ ದಿನಕ್ಕೆ ಸಾಕು ಎಂಬ ವಿವೇಕವೂ ಅದರಲ್ಲಿದೆ.

ಕೆಂಗಲ್ ಹನುಮಂತಯ್ಯನವರ ಮುತುವರ್ಜಿಯಿಂದ ಎದ್ದು 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿದೆ. ಒಳ್ಳೆಯ ಮಾತು. ಆದರೆ ನಮ್ಮ ದೇವಸ್ಥಾನಗಳ ಪದ್ಧತಿಯನ್ನು ಸ್ವಲ್ಪ ನೋಡಿರಿ. ಮಧ್ಯಾಹ್ನದ ಪೂಜೆ ಮುಗಿದ ಮೇಲೆ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ರಾತ್ರಿ ಏಕಾಂತಸೇವೆಯಾದ ಮೇಲೆ ಎಂಥ ದೊಡ್ಡ ಮನುಷ್ಯ ಬಂದರೂ ಬೆಳಗಿನವರೆಗೆ ಕಾಯಬೇಕು. ದಣಿವೇ ಇಲ್ಲದ ದೇವರಿಗೂ ನಮ್ಮ ಹಿರಿಯರು ವಿಶ್ರಾಂತಿಯನ್ನು ಕಲ್ಪಿಸಿದರು. ಹಾಗಿರುವಾಗ ದೇವರ ಕೆಲಸ ಮಾಡುವ ಗುಮಾಸ್ತನಿಗೆ ರಾತ್ರಿ ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ವಿವರಣೆ ಕೇಳುವುದು ಯಾವ ಆಗಮಕ್ಕೆ ಒಪ್ಪುತ್ತದೆ?

ಬಿ.ಎಸ್ಸಿ. ಓದುವಾಗ ಲೋಹಗಳ ದಣಿವಿನ ಬಗ್ಗೆ ಕಲಿತದ್ದು ಈಗ ನೆನಪಾಗುತ್ತದೆ. ರೈಲು ಗಾಲಿಗಳ ಅಚ್ಚುಗಳು ಹೊರಬಲ್ಲ ಭಾರಕ್ಕಿಂತ ಕಡಿಮೆ ಭಾರದಲ್ಲಿಯೇ ಏಕೆ ಮುರಿಯುತ್ತವೆಂದು ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಪ್ರಯೋಗ ನಡೆಸಿದ. ಒಂದೇ ಸಲ ಬೀಳುವ ದೊಡ್ಡ ಭಾರಕ್ಕೆ ಜಗ್ಗದ ಉಕ್ಕು, ಲಕ್ಷಾಂತರ ಸಲ ಮರುಕಳಿಸುವ ಸಣ್ಣ ಭಾರಕ್ಕೆ ಬಿರುಕು ಬಿಡುತ್ತದೆ. ಒಂದು ಮಿತಿಗಿಂತ ಕೆಳಗಿನ ಭಾರವನ್ನಾದರೋ ಅದು ಬಹುಕಾಲ ತಾಳಿಕೊಳ್ಳುತ್ತದೆ. ಮನುಷ್ಯನಿಗೂ ಉಕ್ಕಿಗೂ ಒಂದು ವ್ಯತ್ಯಾಸವಿದೆ. ಬಿರುಕು ಬಿಟ್ಟ ಅಚ್ಚು ವಿಶ್ರಾಂತಿಯಿಂದ ಕೂಡಿಕೊಳ್ಳುವುದಿಲ್ಲ. ಜೀವವಿರುವ ಮೈ ಮನಸ್ಸುಗಳು ಕೂಡಿಕೊಳ್ಳುತ್ತವೆ. ಆದರೆ ಭಾರ ಮಿತಿಗಿಂತ ಕೆಳಗೆ ಇಳಿಯಬೇಕು, ಕಾಲವೂ ಸಿಗಬೇಕು.

ಆ ಕಾಲವನ್ನು ನಾವೇ ಮಾರಿಕೊಳ್ಳುತ್ತಿಲ್ಲವೇ ಎಂಬುದೂ ಕೇಳಬೇಕಾದ ಪ್ರಶ್ನೆ. ಕೇಂದ್ರ ಸರ್ಕಾರದ ನೌಕರರಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆಯಿದೆ. ನಿವೃತ್ತಿಯ ದಿನ ಹೆಚ್ಚೆಂದರೆ 300 ದಿನಗಳ ರಜೆಯನ್ನು ನಗದು ಮಾಡಿಕೊಳ್ಳಬಹುದು. ಮಗನ ಓದು, ಊರಿನಲ್ಲೊಂದು ಮನೆ ಎಂದು ನಾವು ರಜೆಯನ್ನು ಪೈಸೆಯಂತೆ ಕೂಡಿಡುತ್ತೇವೆ. ಸಂಸಾರಸ್ಥನ ಈ ಲೆಕ್ಕವನ್ನು ಹೀಗಳೆಯಲಾಗದು. ಆದರೆ ಮೂವತ್ತೈದನೆಯ ವಯಸ್ಸಿನಲ್ಲಿ ಬೇಕಾಗಿದ್ದ ಹತ್ತು ದಿನಗಳ ವಿಶ್ರಾಂತಿಯನ್ನು ಅರುವತ್ತನೆಯ ವಯಸ್ಸಿನ ಹಣ ಮರಳಿ ಕೊಡಲಾರದು. ರಜೆ ಹಕ್ಕಲ್ಲವೆಂದು 1972ರ ರಜಾ ನಿಯಮಗಳು ಹೇಳುವುದು ನಿಜ. ಆ ನಿಯಮ ಸಾರ್ವಜನಿಕ ಸೇವೆಯ ಹಿತಕ್ಕಾಗಿ ಇದೆ. ಮುಖ ಕಾಣದ ಗುಮಾಸ್ತನಿಂದ ಯಾವ ಸೇವೆ ನಡೆದೀತು? ಅವನಿಗೆ ರಜೆ ಕೊಡುವುದೂ ಸೇವೆಯ ಹಿತವೇ.

ರಜೆಯೊಂದರಿಂದಲೇ ಎಲ್ಲ ಸರಿಹೋಗುತ್ತದೆಂದು ಹೇಳಲು ಮಾತ್ರ ನಮಗೆ ಧೈರ್ಯವಿಲ್ಲ. ನಮ್ಮ ಗೆಳೆಯರು ಇಪ್ಪತ್ತು ದಿನ ಸಾಗರದ ಕಡೆಯ ತಮ್ಮ ಊರಿಗೆ ಹೋದರು; ತೋಟದಲ್ಲಿ ಸುತ್ತಾಡಿದರು; ಮೈಯಲ್ಲಿ ರಕ್ತ ತುಂಬಿಕೊಂಡು ಬಂದರು. ಬಂದ ಹತ್ತನೆಯ ದಿನಕ್ಕೆ ಮುಖ ಮೊದಲಿನಂತಾಯಿತು. ಮೇಜಿನ ಮೇಲೆ ಆ ಮೂರು ಸೀಟುಗಳ ಕೆಲಸ ಹಾಗೆಯೇ ಕಾದು ಕುಳಿತಿತ್ತು.

ಆಗ ಸೆಕ್ಷನ್ನಿನ ನಾಲ್ವರು ಕೂಡಿ ಅಧಿಕಾರಿಗಳ ಮುಂದೆ ಕುಳಿತೆವು. ಯಾರ ಬಳಿ ಎಷ್ಟು ಪ್ರಕರಣಗಳಿವೆಯೆಂದು ಒಂದು ಹಾಳೆಯಲ್ಲಿ ಬರೆದೆವು. ಬಾಯಿಮಾತಿನ ದೂರು ಗೊಣಗಾಟವಾಗುತ್ತದೆ. ಅಂಕಿಗಳು ಹಾಳೆಯ ಮೇಲೆ ಬಂದಾಗ ಅಧಿಕಾರಿಗಳೂ ಬೇರೆ ಕಣ್ಣಿನಿಂದ ನೋಡಿದರು. ಖಾಲಿ ಸೀಟುಗಳ ಕೆಲಸ ನಾಲ್ವರಲ್ಲಿ ಲಿಖಿತವಾಗಿ ಹಂಚಿಹೋಯಿತು. ಸಂಸತ್ತಿನ ಪ್ರಶ್ನೆ, ನ್ಯಾಯಾಲಯದ ಗಡುವು ಇವೆರಡನ್ನು ಬಿಟ್ಟು ಸಂಜೆಯ ಮೇಲೆ ಸಂದೇಶ ಕಳಿಸಬಾರದೆಂದು ಒಪ್ಪಂದವಾಯಿತು. ಮೂರನೆಯದು ತೀರ ಸಣ್ಣದು: ಪಿಂಚಣಿಯ ಆದೇಶ ಹೊರಟಾಗ ಅದರ ಒಂದು ಪ್ರತಿ, ಆ ಪ್ರಕರಣವನ್ನು ಮೊದಲು ಕೈಗೆತ್ತಿಕೊಂಡವರ ಮೇಜಿಗೆ ಬಂದು ಹೋಗಬೇಕು.

ಈ ಮೂರನೆಯದರ ಬೆಲೆ ನಮಗೆ ಆಮೇಲೆ ತಿಳಿಯಿತು. ಕುಂಬಾರನಿಗೆ ತಾನು ಮಾಡಿದ ಮಡಕೆ ಕಾಣುತ್ತದೆ. ರೈತನಿಗೆ ತಾನು ಬೆಳೆದ ತೆನೆ ಕಾಣುತ್ತದೆ. ಗುಮಾಸ್ತ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುತ್ತಾನೆ. ಅದು ಏನಾಯಿತೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಆಕ್ಷೇಪಣೆಯಿದ್ದರೆ ಮಾತ್ರ ಫೈಲು ಅವನ ಬಳಿಗೆ ಮರಳಿ ಬರುತ್ತದೆ. ಹೀಗೆ ಇಪ್ಪತ್ತು ವರ್ಷ ತನ್ನ ಕೆಲಸದ ತಪ್ಪುಗಳನ್ನು ಮಾತ್ರ ನೋಡುತ್ತ ಬಂದವನಿಗೆ ಕೆಲಸದಲ್ಲಿ ಸತ್ವ ಕಾಣುವುದಾದರೂ ಎಲ್ಲಿಂದ? ಆ ವಿಧವೆಯ ಆದೇಶದ ಪ್ರತಿ ಬಂದ ದಿನ ನಮ್ಮ ಗೆಳೆಯರು ಆಕೆಯ ಹೆಸರನ್ನೂ ಊರನ್ನೂ ಗಟ್ಟಿಯಾಗಿ ಓದಿದರು. ಬೇರೇನೂ ಹೇಳಲಿಲ್ಲ. ಅವರು ಪೂರ್ತಿ ಚೇತರಿಸಿಕೊಳ್ಳಲು ಒಂದು ವರ್ಷವೇ ಹಿಡಿಯಿತು. ಈಗ ಮತ್ತೆ ಮುದುಕರ ಅರ್ಜಿಗಳನ್ನು ತುಂಬಿಕೊಡುತ್ತಿದ್ದಾರೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕಚೇರಿಯ ಹೊರಗೂ ಯಾವುದರಲ್ಲಿಯೂ ರುಚಿಯಿಲ್ಲ, ನಿದ್ರೆ ಕೆಟ್ಟಿದೆ, ಬದುಕೇ ಬೇಡವೆನಿಸುತ್ತದೆ ಎಂದಾದರೆ ಅದು ಬೇರೆಯೇ ಕಾಯಿಲೆಯಾಗಿರಬಹುದು. ಅಲ್ಲಿ ಗೆಳೆಯರ ಸಮಾಧಾನ ಸಾಲದು. ತಡಮಾಡದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಹೇಳಿಕೊಳ್ಳಲು ಸಂಕೋಚಪಡುವವರು ನಮ್ಮ ಸಂಘದಲ್ಲಿಯೂ ಇರಬಹುದು.

ಹಾಗಾದರೆ ದಣಿವು ದೋಷವೇ? ದಣಿಯುವುದು ದೋಷವಲ್ಲ. ದಣಿದವನನ್ನು ಕಂಡೂ ಅವನ ಮೇಜಿನ ಮೇಲೆ ಇನ್ನೊಂದು ಕಟ್ಟು ಇಡುವುದು ದೋಷ. ಮಿತಿ ಮೀರಿದೆಯೆಂದು ತಿಳಿದ ಮೇಲೂ ಅಭಿಮಾನಕ್ಕೋ ಅಂಜಿಕೆಗೋ ಸುಮ್ಮನಿರುವುದರಲ್ಲಿಯೂ ಸ್ವಲ್ಪ ದೋಷವಿದೆ. ಏಕೆಂದರೆ ಆ ಮೌನದ ಬೆಲೆಯನ್ನು ತೆರುವವರು ಮೇಜಿನ ಆಚೆ ನಿಂತವರು. ವಿಶ್ರಾಂತಿಯನ್ನು ನಾವು ನಮ್ಮ ಸುಖವೆಂದು ಎಣಿಸಿ ನಾಚುತ್ತೇವೆ. ಅವರಿಗೆ ಸಲ್ಲಬೇಕಾದ ಋಣವೆಂದು ಎಣಿಸಿದರೆ ಕೇಳಲು ನಾಚಿಕೆಯಾಗದು.

ಪ್ರತಿ ಜನವರಿ ಮತ್ತು ಜುಲೈ ಒಂದನೆಯ ತಾರೀಖಿಗೆ ನಮ್ಮ ಲೆಕ್ಕಕ್ಕೆ 15 ದಿನಗಳು ಸೇರುತ್ತವೆ. ಮುಂದಿನ ಸಲ ಅವು ಸೇರಿದಾಗ ಅವುಗಳಲ್ಲಿ ಐದನ್ನಾದರೂ ಮಾರಾಟದ ಪೆಟ್ಟಿಗೆಯಿಂದ ತೆಗೆದಿಡೋಣ. ಪಕ್ಕದ ಮೇಜಿನವರಿಗೂ ಅಷ್ಟೇ ತೆಗೆದಿಡಲು ಹೇಳೋಣ. ಅವರು ಊರಿಗೆ ಹೋದಾಗ ಅವರ ಫೈಲುಗಳನ್ನು ನಾವು ನೋಡಿಕೊಂಡರಾಯಿತು.