ಕೋಶವಿಭಜನೆಯೂ ಕರ್ಮವಿಚಾರವೂ



ಕದರಮಂಡಲಗಿಯ ಒಬ್ಬ ತಾಯಿ ಕಾಂತೇಶನಿಗೆ ಹಣ್ಣುಕಾಯಿ ಮಾಡಿಸಿಕೊಂಡು, ಆರು ವರ್ಷದ ಮಗನೊಡನೆ ಮಠಕ್ಕೆ ಬಂದಿದ್ದರು. ಮಗುವಿಗೆ ಡೌನ್ ಸಿಂಡ್ರೋಮ್ ಎಂದು ವೈದ್ಯರು ತಿಳಿಸಿದ್ದರು. ಆ ತಾಯಿ ಔಷಧ ಕೇಳಲಿಲ್ಲ. "ಅಜ್ಜಾರ, ನಾ ಏನ್ ಪಾಪಾ ಮಾಡಿದ್ದೆ?" ಎಂದರು. ಮನೆಯವರು ಇದಕ್ಕೆ ಉತ್ತರವನ್ನು ಮೊದಲೇ ಕೊಟ್ಟಿದ್ದರೆಂಬುದು ಮುಖದಲ್ಲಿಯೇ ತಿಳಿಯುತ್ತಿತ್ತು. ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಇನ್ನೊಬ್ಬ ತಾಯಿಗೆ ನಾವು "ಪೂರ್ವಾರ್ಜಿತ" ಎಂಬ ಒಂದೇ ಮಾತು ಹೇಳಿ ಕಳುಹಿಸಿದ್ದೆವು. ಅವರು ಮತ್ತೆ ಮಠಕ್ಕೆ ಬರಲಿಲ್ಲ. ಆದುದರಿಂದ ಈ ಸಲ ವಿಸ್ತಾರವಾಗಿ ಮಾತನಾಡಬೇಕಾಯಿತು. ಅದನ್ನೇ ನಿಮ್ಮ ಮುಂದಿಡುತ್ತೇವೆ.

ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ 23 ಜೋಡಿ. ವಂಶದ ಗುಣಗಳನ್ನು ಹೊತ್ತ ಡಿ.ಎನ್.ಎ. ಇರುವುದು ಇವುಗಳಲ್ಲಿ. ಕೋಶವು ಎರಡಾಗುವ ಮುನ್ನ ಒಂದೊಂದು ತಂತುವಿಗೂ ನಕಲು ಸಿದ್ಧವಾಗುತ್ತದೆ. ಅವೆಲ್ಲ ಕೋಶದ ನಡುವೆ ಸಾಲುಗಟ್ಟುತ್ತವೆ. ಎರಡು ತುದಿಗಳಿಂದ ಬಂದ ಸೂಕ್ಷ್ಮ ಎಳೆಗಳು ಆಚೆಗೊಂದು ಈಚೆಗೊಂದು ಎಳೆದುಕೊಳ್ಳುತ್ತವೆ. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರ ತಮ್ಮ ಗ್ರಂಥದಲ್ಲಿ ಈ ವಿಭಜನೆಯನ್ನು ವಿವರಿಸಿದರು. ಗಾಯ ಮಾಯುವುದೂ ಮಗು ಬೆಳೆಯುವುದೂ ಇದರಿಂದಲೇ.

ಅಂಡಾಣು, ವೀರ್ಯಾಣುಗಳಾಗುವ ಬಗೆ ಬೇರೆ. ಅಲ್ಲಿ ನಕಲು ಒಂದು ಸಲ, ಹಂಚಿಕೆ ಎರಡು ಸಲ. ಕೊನೆಗೆ ಜೋಡಿಗೊಂದರಂತೆ 23 ಉಳಿಯುತ್ತವೆ. ಹಂಚುವ ಮುನ್ನ ಜೋಡಿಯ ತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಒಡಹುಟ್ಟಿದವರು ಒಂದೇ ತೆರನಾಗಿರದಿರಲು ಇದೂ ಒಂದು ಕಾರಣ. ಈ ಹಂಚಿಕೆಯಲ್ಲಿ ಒಮ್ಮೊಮ್ಮೆ 21ನೆಯ ಜೋಡಿ ಬಿಡಿಸಿಕೊಳ್ಳದೆ ಒಂದೇ ಕಡೆಗೆ ಸರಿಯುತ್ತದೆ. ಆಗ ಮಗುವಿನಲ್ಲಿ 47 ತಂತುಗಳು. ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು 1959ರಲ್ಲಿ ಇದನ್ನು ಪ್ರಕಟಿಸಿದರು. ತಾಯಿಯ ವಯಸ್ಸು ಏರಿದಂತೆ ಇದರ ಸಂಭವ ಹೆಚ್ಚು. ಎಳೆಯ ತಾಯಂದಿರಿಗೂ ಆಗುತ್ತದೆ, ಕೆಲವೊಮ್ಮೆ ತಂದೆಯ ಕಡೆಯಿಂದಲೂ.

ಇಲ್ಲೊಂದು ಸೋಜಿಗವಿದೆ. ಹೆಣ್ಣಿನ ಅಂಡಾಣುಗಳು ಈ ವಿಭಜನೆಯನ್ನು ಆರಂಭಿಸುವುದು ಅವಳು ತನ್ನ ತಾಯಿಯ ಗರ್ಭದಲ್ಲಿರುವಾಗಲೇ. ಅರ್ಧಕ್ಕೆ ನಿಂತು ವರ್ಷಗಟ್ಟಲೆ ಕಾದಿರುತ್ತವೆ. ಹಾಗಿರುವಾಗ ಯಾವ ವ್ರತ ತಪ್ಪಿದ್ದಕ್ಕೆ, ಯಾವ ಗ್ರಹಣ ನೋಡಿದ್ದಕ್ಕೆ ಎಳೆ ಜಾರಿತೆನ್ನೋಣ?

ಕರ್ಮಸಿದ್ಧಾಂತವನ್ನು ನಾವು ಬಿಟ್ಟಿಲ್ಲ. ಅರಿತು ಮಾಡಿದ್ದು ಕರ್ಮ, ಇಲ್ಲಿ ಮಾಡಿದವರಾರು? ಹಿಂದಿನ ಜನ್ಮದ್ದೆನ್ನಬಹುದು. ಅದನ್ನು ಕಂಡು ತೀರ್ಪು ಹೇಳುವ ಅಧಿಕಾರ ನೆರೆಯವರಿಗಾಗಲಿ ನಮಗಾಗಲಿ ಇದೆಯೆಂದು ನಾವು ಎಲ್ಲಿಯೂ ಓದಿಲ್ಲ.

ಮೆಣಸಿನಕಾಯಿ ಬೆಳೆಯುವ ಅವರ ಮಾವನವರೂ ಜೊತೆಗಿದ್ದರು. ಕೆಂಪು, ಸುಕ್ಕು ನೋಡಿ ಒಳ್ಳೆಯ ಬ್ಯಾಡಗಿ ಕಾಯಿಯನ್ನೇ ಬೀಜಕ್ಕೆ ಆರಿಸಿಟ್ಟರೂ ಹೊಲದಲ್ಲಿ ಬೇರೆ ತೆರನ ಗಿಡ ಹುಟ್ಟುವುದಿಲ್ಲವೇ, ಆಗ ತಾಯಿಗಿಡವನ್ನು ಬೈಯುತ್ತೀರಾ ಎಂದು ಕೇಳಿದೆವು. "ಗಿಡ ಏನ್ ಮಾಡೀತ್ರೀ" ಎಂದವರೇ ಸುಮ್ಮನಾದರು. ಈ ಹೋಲಿಕೆಯನ್ನು ಬಹಳ ದೂರ ಒಯ್ಯಬಾರದು. ಬೇರೆ ತೆರನ ಗಿಡವನ್ನು ರೈತ ಕಿತ್ತೆಸೆಯುತ್ತಾನೆ.

ಜನ ನೋಡುತ್ತಾರೆಂಬ ಸಂಕೋಚದಿಂದ ಹುಡುಗನನ್ನು ಶಾಲೆಗೇ ಹಾಕಿರಲಿಲ್ಲ. ಇಂಥ ಮಕ್ಕಳು ನಿಧಾನವಾಗಿಯಾದರೂ ಕಲಿಯುತ್ತಾರೆ. ಹಲವರಿಗೆ ಹುಟ್ಟಿನಿಂದ ಹೃದಯದ ದೋಷವಿರುವುದರಿಂದ ತಪಾಸಣೆಯೂ ಅಗತ್ಯ. ತಿಳಿದೂ ಮಾಡದೆ ಬಿಟ್ಟರೆ ಅದು ಮಾತ್ರ ನಮ್ಮ ಲೆಕ್ಕಕ್ಕೆ ಬಂದೀತು ಎಂದೆವು. ಶಾಲೆ ತೆರೆದೊಡನೆ ತಾವೇ ಕೈಹಿಡಿದು ಕರೆದೊಯ್ಯುವುದಾಗಿ ಮಾವನವರು ಒಪ್ಪಿದರು. ಅತ್ತೆಯವರನ್ನು ಒಪ್ಪಿಸುವ ಕೆಲಸ ಇನ್ನೂ ಉಳಿದಿದೆ; ಮುಂದಿನ ಅಮಾವಾಸ್ಯೆಗೆ ಅವರನ್ನೂ ಕರೆದುಕೊಂಡು ಬರಲು ಹೇಳಿದ್ದೇವೆ.