ಶುರು ಮಾಡಿದವರು ಯಾರು?

ಮನೆಯಲ್ಲಿ ಜಗಳವಾದಾಗ ನಾವು ಮೊದಲು ಕೇಳುವ ಪ್ರಶ್ನೆ, ಶುರು ಮಾಡಿದವರು ಯಾರು? ಹೆಂಡತಿ ಹೇಳುತ್ತಾಳೆ: 'ಇವರು ಬಾಯಿ ಬಿಡುವುದೇ ಇಲ್ಲ, ಅದಕ್ಕೇ ನಾನು ರೇಗುತ್ತೇನೆ.' ಗಂಡ ಹೇಳುತ್ತಾನೆ: 'ಇವಳು ಸದಾ ರೇಗುತ್ತಾಳೆ, ಅದಕ್ಕೇ ನಾನು ಬಾಯಿ ಬಿಡುವುದಿಲ್ಲ.' ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ಸರಪಳಿಯನ್ನು ಇಬ್ಬರೂ ಬೇರೆ ಬೇರೆ ಕೊಂಡಿಯಿಂದ ಎಣಿಸುತ್ತಿದ್ದಾರೆ, ಅಷ್ಟೆ. ಪಾಲ್ ವಾಟ್ಸ್‌ಲಾವಿಕ್ ಮತ್ತು ಅವರ ಸಂಗಡಿಗರು 1967ರ ತಮ್ಮ ಪುಸ್ತಕದಲ್ಲಿ ಇಂಥದೇ ದಂಪತಿಯನ್ನು ಉದಾಹರಿಸಿದ್ದಾರೆ.

ಕುಟುಂಬ ಚಿಕಿತ್ಸೆಯವರು 'ಯಾರು' ಎನ್ನುವುದನ್ನು ಬದಿಗಿಟ್ಟು 'ಹೇಗೆ' ಎಂದು ಕೇಳುತ್ತಾರೆ. ಇಟಲಿಯ ಮಿಲಾನಿನ ಮಾರಾ ಸೆಲ್ವಿನಿ ಪಲಾಜೋಲಿ ಮತ್ತು ಅವರ ಮೂವರು ಸಹೋದ್ಯೋಗಿಗಳು 1980ರಲ್ಲಿ ಇದರ ಒಂದು ವಿಧಾನವನ್ನು ವಿವರಿಸಿದರು. ಇಬ್ಬರ ಸಂಬಂಧದ ಬಗ್ಗೆ ಮೂರನೆಯವರನ್ನು ಕೇಳುವುದು. ಮಗ ಶಾಲೆಗೆ ಹೋಗಲೊಲ್ಲ ಎನ್ನೋಣ. ಪ್ರಶ್ನೆ ತಂಗಿಗೆ: 'ಅಣ್ಣ ಮನೆಯಲ್ಲೇ ಉಳಿದ ದಿನ ಅಪ್ಪ, ಅಮ್ಮ ಹೇಗಿರುತ್ತಾರೆ?' 'ಆ ದಿನ ಮಾತ್ರ ಇಬ್ಬರೂ ಮಾತಾಡುತ್ತಾರೆ' ಎಂದು ಆಕೆ ಹೇಳಿದರೆ, ಪಕ್ಕದಲ್ಲೇ ಕೂತು ಕೇಳಿದ ತಾಯಿ ತಂದೆಗೆ ಮಗನ ಹಟ ಬೇರೆಯಾಗಿಯೇ ಕಾಣುತ್ತದೆ.

ಹಾಗೆಂದು ಕಾಯಿಲೆಗೆಲ್ಲ ಮನೆಯವರೇ ಕಾರಣವೆಂದು ತಿಳಿಯಬಾರದು. ನಮ್ಮ ದೇಶದಲ್ಲಿ 1950ರ ದಶಕದಲ್ಲೇ ಡಾ. ವಿದ್ಯಾಸಾಗರ್ ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆಗೆ ಅವರ ಬಂಧುಗಳನ್ನೂ ಇರಿಸಿಕೊಂಡರು. ಆರೋಪಿಗಳೆಂದಲ್ಲ, ಆರೈಕೆಯ ಪಾಲುದಾರರೆಂದು.

ಆದರೆ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಎಲ್ಲರೂ ಸರಪಳಿಯ ಕೊಂಡಿಗಳೇ ಆದರೆ ತಪ್ಪು ಯಾರದೂ ಅಲ್ಲವೆ? ಗಂಡ ಕೈಯೆತ್ತಿದಾಗಲೂ 'ಚಪ್ಪಾಳೆಗೆ ಎರಡು ಕೈ ಬೇಕು' ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಮೆರಿಕದ ವರ್ಜೀನಿಯಾ ಗೋಲ್ಡ್‌ನರ್ 1985ರಲ್ಲಿ ಸ್ತ್ರೀವಾದದ ಕಣ್ಣಿನಿಂದ ಕುಟುಂಬ ಚಿಕಿತ್ಸೆಯನ್ನು ಪರಿಶೀಲಿಸಿ, ಮನೆಯೊಳಗಿನ ಅಧಿಕಾರವನ್ನು ಅದು ಮರೆತಿದೆ ಎಂದು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದುದು. ಹಣ, ಬಲ, ಮಾತಿನ ಹಕ್ಕು ಒಬ್ಬನ ಕೈಯಲ್ಲೇ ಇರುವಾಗ ಸರಪಳಿಯ ಕೊಂಡಿಗಳೆಲ್ಲ ಒಂದೇ ತೂಕದವಲ್ಲ.

ಆದ್ದರಿಂದ ನಾವು ಎರಡನ್ನೂ ಹಿಡಿದುಕೊಳ್ಳಬೇಕು. ಜಗಳ ಹೇಗೆ ಬೆಳೆಯಿತೆಂಬುದು ಎಲ್ಲರೂ ಕೂಡಿ ತಿಳಿಯಬೇಕಾದ ಮಾತು. ಎತ್ತಿದ ಕೈಗೆ ಎತ್ತಿದವನೇ ಹೊಣೆ. ಹೊಡೆತಕ್ಕೆ ಹೆದರಿದವಳು ಎಲ್ಲರೆದುರು ನಿಜ ಹೇಳಲಾರಳು. ಅವಳನ್ನು ಮೊದಲು ಒಬ್ಬಳನ್ನೇ ಕೂರಿಸಿ ಕೇಳಬೇಕು. ಅಂಥ ಭಯವಿಲ್ಲದ ಮನೆಗಳಲ್ಲೂ ನಾವು ತೀರ್ಪು ಕೊಡುವ ಮುನ್ನ ಮೂಲೆಯಲ್ಲಿ ಸುಮ್ಮನೆ ಕೂತ ಮಗುವನ್ನೊಮ್ಮೆ ಕೇಳುವುದು ಒಳ್ಳೆಯದು. ನಾವು ಕಾಣದ್ದನ್ನು ಅದು ದಿನವೂ ನೋಡುತ್ತಿರುತ್ತದೆ.