ಶಕ್ತಿಯನ್ನು ಮೀರದೆ, ಶಕ್ತಿಯನ್ನು ಮರೆಮಾಚದೆ

ರೋಗ ಬರುವುದು ಒಂದು ಕಷ್ಟ. ರೋಗ ಹೋದ ಮೇಲೂ ಬಲ ಮರಳದಿರುವುದು ಇನ್ನೊಂದು ಕಷ್ಟ. ಮೊದಲನೆಯದಕ್ಕೆ ಜ್ವರವೇ ಸಾಕ್ಷಿ. ಮನೆಯವರು ಆರೈಕೆ ಮಾಡುತ್ತಾರೆ, ನೆರೆಯವರು ಬಂದು ವಿಚಾರಿಸುತ್ತಾರೆ. ಎರಡನೆಯದಕ್ಕೆ ಹೊರಗಿನ ಸಾಕ್ಷಿ ಯಾವುದೂ ಇಲ್ಲ. ನಿನ್ನೆ ಎದ್ದು ಓಡಾಡಿದ ವ್ಯಕ್ತಿ ಇಂದು ಹಾಸಿಗೆಯಿಂದ ಏಳಲಾರ. ಇದು ದೇಹದ ಸ್ಥಿತಿಯೋ, ಮನಸ್ಸಿನ ದೌರ್ಬಲ್ಯವೋ, ಧರ್ಮಾಚರಣೆಯಲ್ಲಿನ ಶೈಥಿಲ್ಯವೋ ಎಂಬ ಸಂದೇಹವು ಇತರರಿಗಿಂತ ಮೊದಲು ರೋಗಿಯ ಅಂತರಂಗದಲ್ಲಿಯೇ ಹುಟ್ಟುತ್ತದೆ.

ಕೆಂಭಾವಿ, ಸುರಪುರ, ಶಹಾಪುರದ ಸೀಮೆಯ ಜನರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡ ಬಳಿಕ ಮೂರು ದಶಕಗಳ ಕಾಲ ದೊಡ್ಡ ಪ್ರಮಾಣದಲ್ಲಿ ಹರಡದಿದ್ದ ಚಿಕೂನ್‌ಗುನ್ಯಾ ಜ್ವರವು 2005ರ ಕೊನೆಯಲ್ಲಿ ಮತ್ತೆ ತಲೆಯೆತ್ತಿತು. 2006ರಲ್ಲಿ ಕರ್ನಾಟಕವೊಂದರಲ್ಲಿಯೇ ಏಳು ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಬಂದವು. ಹೆಚ್ಚು ಬಾಧಿತವಾದ ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಯಾದಗಿರಿ ಆಗಿನ್ನೂ ಅದರ ಭಾಗವಾಗಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಆಫ್ರಿಕಾದ ಮಕೊಂಡೆ ಭಾಷೆಯಿಂದ ಬಂದ ಈ ರೋಗದ ಹೆಸರಿಗೆ ‘ಬಾಗಿಸುವುದು’ ಎಂಬ ಅರ್ಥವಿದೆ. ಜ್ವರ ವಾರದೊಳಗೆ ಇಳಿಯುತ್ತದೆ. ಆದರೆ ಕೀಲುಗಳ ನೋವು, ನಿಶ್ಶಕ್ತಿ ಕೆಲವರನ್ನು ತಿಂಗಳುಗಟ್ಟಲೆ, ಮತ್ತೆ ಕೆಲವರನ್ನು ವರ್ಷಗಟ್ಟಲೆ ಕಾಡುತ್ತವೆ. ಉಣುಗಿನ ಕಡಿತದಿಂದ ಹರಡುವ, ಅಮೆರಿಕದ ಒಂದು ಊರಿನ ಹೆಸರನ್ನೇ ಪಡೆದ ಲೈಮ್ ರೋಗದಲ್ಲಿಯೂ ಚಿಕಿತ್ಸೆ ಮುಗಿದ ಮೇಲೆ ಕೆಲವರಿಗೆ ಇಂತಹ ಆಯಾಸವೇ ಉಳಿಯುತ್ತದೆ. ರೋಗಗಳು ಬೇರೆಯಾದರೂ ಚೇತರಿಕೆಯ ದಾರಿ ಮಾತ್ರ ಒಂದೇ ಬಗೆಯದು: ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಈ ಸೀಮೆಯ ಒಂದು ಶ್ರಾವಕ ಕುಟುಂಬವನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಸೊಸೆಗೆ ಶ್ರಾವಣದಲ್ಲಿ ಜ್ವರ ಬಂದು ಇಳಿದಿದೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಆರಂಭವಾಗುವ ಹೊತ್ತಿಗೆ ಒಂದು ಮುಂಜಾನೆ ಆಕೆಗೆ ಮೈ ಹಗುರವೆನಿಸುತ್ತದೆ. ಅಂದೇ ಮನೆಯನ್ನೆಲ್ಲ ಸಾರಿಸಿ, ನೀರು ಸೇದಿ, ಗಾಳಿಸಿ, ರೊಟ್ಟಿ ಬಡಿದು, ಬಸದಿಗೆ ನಡೆದು ಹೋಗಿ ಬರುತ್ತಾಳೆ. ಮರುದಿನಕ್ಕೆ ಉಪವಾಸವನ್ನೂ ಸಂಕಲ್ಪಿಸುತ್ತಾಳೆ. ಮರುದಿನ ಕೈಬೆರಳು ಮಡಿಸಲೂ ಬರುವುದಿಲ್ಲ. ಐದು ದಿನ ಮಲಗಿದಲ್ಲಿಯೇ. ಅತ್ತೆ ಕೇಳುತ್ತಾಳೆ: “ನಿನ್ನೆ ನೆಟ್ಟಗ ಇದ್ದಿಯಲ್ಲವಾ, ಇವತ್ತೇನಾತು?” ಪ್ರಶ್ನೆಯಲ್ಲಿ ಕೆಡುಕಿಲ್ಲ. ಆದರೆ ಸೊಸೆಯ ಕಿವಿಗೆ ಅದು ಆರೋಪವಾಗಿಯೇ ಕೇಳುತ್ತದೆ. ಕಳೆದ ವರ್ಷ ಮಾಡಿದ ವ್ರತವನ್ನು ಈ ವರ್ಷ ಮಾಡಲಾರದವಳು ತಾನು ಧರ್ಮದಿಂದಲೇ ಜಾರಿದೆನೆಂದು ಕೊರಗುತ್ತಾಳೆ.

ಈ ಕೊರಗಿಗೆ ಜಿನಾಗಮದಲ್ಲಿ ಆಧಾರವಿಲ್ಲ. ಅಂತರಾಯ ಕರ್ಮದ ಐದು ಭೇದಗಳಲ್ಲಿ ವೀರ್ಯಾಂತರಾಯವೂ ಒಂದು. ಮಾಡಬೇಕೆಂಬ ಇಚ್ಛೆಯಿದ್ದರೂ ಸಾಮರ್ಥ್ಯ ಒದಗದಂತೆ ತಡೆಯುವುದೇ ಅದರ ಸ್ವಭಾವ. ಇಚ್ಛೆಯ ಅಭಾವ ಬೇರೆ, ಶಕ್ತಿಯ ಅಭಾವ ಬೇರೆ ಎಂಬುದನ್ನು ಶಾಸ್ತ್ರವು ಹೀಗೆ ಸ್ಪಷ್ಟವಾಗಿ ಬೇರ್ಪಡಿಸಿದೆ. ಮತ್ತೆ, ಸಂಸಾರಿ ಜೀವಿಗೆ ದೊರೆಯುವ ಬಲವು ಕ್ಷಯೋಪಶಮದಿಂದ ದೊರೆಯುವಂಥದು; ಅದು ಏರುತ್ತದೆ, ಇಳಿಯುತ್ತದೆ. ಅನಂತವೀರ್ಯವು ಕೇವಲಿ ಭಗವಂತರಿಗೆ ಮಾತ್ರ. ಹೀಗಿರುವಾಗ ಚೇತರಿಸಿಕೊಳ್ಳುತ್ತಿರುವ ದೇಹದಿಂದ ಏರಿಳಿತವಿಲ್ಲದ ಬಲವನ್ನು ನಿರೀಕ್ಷಿಸುವುದು ವಸ್ತುಸ್ವರೂಪದ ಅಜ್ಞಾನವಲ್ಲದೆ ಬೇರೆಯಲ್ಲ.

ಹಾಗಾದರೆ ರೋಗಿಯು ಎಲ್ಲವನ್ನೂ ಕರ್ಮದ ಮೇಲೆ ಹಾಕಿ ಸುಮ್ಮನಿರಬಹುದೆ? ಅದೂ ಅಲ್ಲ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂಬ ಎರಡನ್ನು ಎಣಿಸಲಾಗಿದೆ. ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗನುಸಾರವಾಗಿ’ ಎಂಬ ವಿಶೇಷಣ ಸೇರಿರುವುದನ್ನು ಗಮನಿಸಬೇಕು. ಈ ಮಾತು ಎರಡು ಅಂಚಿನ ಕತ್ತಿಯಂತೆ. ಶಕ್ತಿಯನ್ನು ಮೀರಿ ತಪಸ್ಸು ಮಾಡಬಾರದೆಂಬುದು ಒಂದು ಅಂಚು. ಇರುವ ಶಕ್ತಿಯನ್ನು ಮರೆಮಾಚಬಾರದೆಂಬುದು ಇನ್ನೊಂದು. ಮೀರುವುದರಲ್ಲಿ ಮಾನಕಷಾಯವಿದೆ; ಮರೆಮಾಚುವುದರಲ್ಲಿ ಮಾಯೆಯಿದೆ. ನಿಜವಾದ ಸಾಧನೆಯು ಪ್ರತಿದಿನವೂ ತನ್ನ ಬಲವನ್ನು ಪ್ರಾಮಾಣಿಕವಾಗಿ ಅಳೆದುಕೊಳ್ಳುವುದರಲ್ಲಿದೆ. ಈ ದೃಷ್ಟಿಯಿಂದ ಅಳತೆಯೇ ಸತ್ಯವ್ರತದ ಒಂದು ಅಂಗ.

ಕಾಲುವೆಯ ಕೊನೆಯಲ್ಲಿ ಹೊಲವಿರುವ ರೈತನಿಗೆ ಇದು ಬೇಗ ತಿಳಿಯುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಂದ ದಿನ ಮೇಲಿನವರು ಇದ್ದುದನ್ನೆಲ್ಲ ಎಳೆದುಕೊಂಡರೆ ಕೊನೆಯ ಹೊಲ ಒಣಗುತ್ತದೆ. ದೇಹದ ಬಲವೂ ಹಾಗೆಯೇ. ಚೇತರಿಕೆಯಲ್ಲಿ ಅಪಾಯದ ದಿನವೆಂದರೆ ಮೈ ಚೆನ್ನಾಗಿರುವ ದಿನ. ಅಂದು ಎಲ್ಲ ಕೆಲಸವನ್ನೂ ಮುಗಿಸಿಬಿಡುವ ಆಸೆ ಹುಟ್ಟುತ್ತದೆ. ಆ ಆಸೆಯೂ ಒಂದು ಲೋಭವೇ. ಅಂದಿನ ಬಲದಲ್ಲಿ ಅರ್ಧವನ್ನು ನಾಳೆಗೆ ಉಳಿಸುವುದು, ದಣಿವು ಬರುವ ಮುನ್ನವೇ ಕುಳಿತುಕೊಳ್ಳುವುದು, ಒಂದೇ ದಿನದ ಕೆಲಸವನ್ನು ಮೂರು ದಿನಕ್ಕೆ ಹಂಚುವುದು, ಇವು ಆಲಸ್ಯವಲ್ಲ. ಪರಿಮಾಣವ್ರತವನ್ನು ದೇಹಬಲಕ್ಕೂ ಅನ್ವಯಿಸಿದಂತೆ.

ಉಪವಾಸದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಬರಿಹೊಟ್ಟೆಯಲ್ಲಿ ನೋವಿನ ಗುಳಿಗೆ ನುಂಗುವುದು ಜಠರಕ್ಕೆ ಹಾನಿಕರ. ರಾತ್ರಿಭೋಜನ ತ್ಯಾಗವಿರುವವರು ಔಷಧಿಯ ವೇಳೆಯನ್ನು ಹಗಲಿಗೆ ಹೊಂದಿಸಿಕೊಡುವಂತೆ ವೈದ್ಯರನ್ನು ಕೇಳಿಕೊಳ್ಳಬಹುದು. ತಪಸ್ಸು ಹನ್ನೆರಡು ಬಗೆಯದು. ಅನಶನವು ಅವುಗಳಲ್ಲಿ ಒಂದು ಮಾತ್ರ. ಮಲಗಿದ್ದವರಿಗೂ ಸ್ವಾಧ್ಯಾಯದ ಬಾಗಿಲು ತೆರೆದೇ ಇದೆ. ನೋವನ್ನು ಅನುಭವಿಸುವುದು ಒಂದು, ನೋವನ್ನೇ ಮೆಲುಕು ಹಾಕುವುದು ಇನ್ನೊಂದು. ಎರಡನೆಯದನ್ನೇ ಶಾಸ್ತ್ರವು ಆರ್ತಧ್ಯಾನದಲ್ಲಿ ಸೇರಿಸಿದೆ. ಅದರಿಂದ ಮನಸ್ಸನ್ನು ಹಿಂದಕ್ಕೆ ತರುವ ಪ್ರತಿ ಪ್ರಯತ್ನವೂ ಹೊರಗೆ ಕಾಣದ ತಪಸ್ಸು.

ಆಚಾರ್ಯ ಸಮಂತಭದ್ರರ ಕುರಿತು ಪರಂಪರೆಯು ಹೇಳುವ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. ತಿಂದುದೆಲ್ಲ ಬೂದಿಯಾಗುವ ಭಸ್ಮಕ ವ್ಯಾಧಿ ಅವರನ್ನು ಹಿಡಿಯಿತು. ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಅವರಿಂದ ಧರ್ಮಕ್ಕೆ ಇನ್ನೂ ಆಗಬೇಕಾದ ಉಪಕಾರವಿದೆಯೆಂದು, ವ್ಯಾಧಿಯನ್ನು ಮೊದಲು ಶಮನ ಮಾಡಿಕೊಳ್ಳುವಂತೆ ಆಜ್ಞಾಪಿಸಿದರು. ಮುನಿವೇಷವನ್ನೇ ಬದಿಗಿಟ್ಟು, ಗುಣವಾದ ಬಳಿಕ ಅವರು ಮತ್ತೆ ದೀಕ್ಷೆ ಪಡೆದರು. ಹಿಂದೆ ಸರಿದ ಆ ಕಾಲವನ್ನು ಪರಂಪರೆಯು ಅವರ ಕಳಂಕವೆಂದು ಮುಚ್ಚಿಡಲಿಲ್ಲ. ಹಿರಿಮೆಯ ಕಥೆಯ ಭಾಗವಾಗಿಯೇ ಹೇಳಿಕೊಂಡು ಬಂದಿತು. ಅಂತಹ ಮಹಾಮುನಿಗೆ ಸಲ್ಲುವ ವಿರಾಮವು ಸಾಮಾನ್ಯ ಗೃಹಸ್ಥರಿಗೆ ಸಲ್ಲದೆಂದು ಹೇಳುವವರಾರು?

ಆದರೆ ರೋಗಿಯೊಬ್ಬರೇ ತಮ್ಮ ಬಲವನ್ನು ಸರಿಯಾಗಿ ಅಳೆದುಕೊಂಡರೆ ಸಾಲದು. ಆ ಅಳತೆಯನ್ನು ಸುತ್ತಲಿನವರು ನಂಬಬೇಕು. ವೈಯಾವೃತ್ತ್ಯವು ಅಂತರಂಗ ತಪಸ್ಸು. ಸೇವೆಗೆ ಪಾತ್ರರಾದ ಹತ್ತು ಬಗೆಯ ಸಾಧುಗಳಲ್ಲಿ ‘ಗ್ಲಾನ’, ಎಂದರೆ ರೋಗದಿಂದ ಬಳಲಿದವರನ್ನು ಬೇರೆಯಾಗಿಯೇ ಹೆಸರಿಸಲಾಗಿದೆ. ಆ ಭಾವನೆಯು ಗೃಹಸ್ಥರ ಮನೆಯೊಳಗೂ ಇಳಿದುಬರಬೇಕು. ಜ್ವರವಿದ್ದಾಗ ಹಾಲು ಹಣ್ಣು ಒಯ್ದುಕೊಟ್ಟವರು ಮೂರನೆಯ ತಿಂಗಳಲ್ಲಿಯೂ ಒಮ್ಮೆ ಬಾಗಿಲು ತಟ್ಟುವುದು ಲೇಸು. ಬಸದಿಯ ಆಡಳಿತ ಮಂಡಳಿಗಳು ಪರ್ವಕಾಲದಲ್ಲಿ ಉಪವಾಸ ಮಾಡಿದವರ ಹೆಸರುಗಳನ್ನು ಓದಿ ಸನ್ಮಾನಿಸುವುದು ಒಳ್ಳೆಯದೇ. ಅದರ ಜೊತೆಗೆ, ಬರಲಾಗದವರ ಮನೆಗೆ ಗಂಧೋದಕವನ್ನೂ, ನಾಲ್ಕು ಸಮಾಧಾನದ ಮಾತುಗಳನ್ನೂ ಕಳುಹಿಸುವ ವ್ಯವಸ್ಥೆ ಮಾಡಿದರೆ ಆ ಸನ್ಮಾನಕ್ಕೆ ಹೆಚ್ಚಿನ ಶೋಭೆ ಬರುತ್ತದೆ. ಕುರ್ಚಿಯಲ್ಲಿ ಕುಳಿತು ಪೂಜೆ ನೋಡುವವರನ್ನು ಯಾರೂ ಓರೆನೋಟದಿಂದ ಕಾಣದಿರಲಿ.

ಆ ಮನೆಯ ಅತ್ತೆಯು “ಇವತ್ತೇನಾತು?” ಎನ್ನುವ ಬದಲು “ಇವತ್ತು ಎಷ್ಟು ಆಗತದವ್ವಾ?” ಎಂದು ಕೇಳಿದಳೆನ್ನಿ. ಮೊದಲ ಪ್ರಶ್ನೆ ನಿನ್ನೆಯ ಲೆಕ್ಕವನ್ನು ಒಪ್ಪಿಸೆನ್ನುತ್ತದೆ. ಎರಡನೆಯದು ಇಂದಿನ ಶಕ್ತಿಯನ್ನು ಗೌರವಿಸುತ್ತದೆ. ಸೊಸೆಯು “ಇಷ್ಟು ಆಗತದ್ರಿ” ಎಂದು ಹೆಚ್ಚಿಸದೆ, ಕಡಿಮೆ ಮಾಡದೆ ಹೇಳಿದರೆ ಅಂದಿನ ಧರ್ಮವು ಅಲ್ಲಿಯೇ ಪೂರ್ಣವಾಗುತ್ತದೆ.